ಚೆಕಿಂಗಮ್ಮನನ್ನು ಬಿಟ್ಟುಹೋದ ಬಸ್ಸು

ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನ ಶೌಚಾಲಯದಿಂದ ಚೆಕಿಂಗಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ, ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ಎಣ್ಣೆಯ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ನಂಬಲಿಲ್ಲ. ಬಂಕಿನ ಹಿಂದೆ ಹೋಗಿ ನೋಡಿದಳು, ನಿಂತಿದ್ದ ಲಾರಿಗಳ ಸಂದಿಯಲ್ಲಿ ಹಣಿಕಿದಳು. ಆಮೇಲೆ ರಸ್ತೆಯಂಚಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಕಣ್ಣಿಗೆ ಕಾಣದ ಬಸ್ಸಿಗೆ ಬಾಯಿಗೆ ಬಂದ ಹಾಗೆ ಬೈಯತೊಡಗಿದಳು.

ಬೈಯುವುದಕ್ಕೆ ಅವಳಿಗೆ ಹಕ್ಕಿತ್ತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿ, ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿ ನಿವೃತ್ತಿಯಾದವಳು ಅವಳು. ಟಿಕೆಟ್ ತೆಗೆಯದವರು ಅವಳ ನೆರಳು ಕಂಡರೆ ಹಿಂದಿನ ಬಾಗಿಲಿಂದ ಜಿಗಿದು ಓಡುತ್ತಿದ್ದರು. ಡಿಪೋದವರು ಇಟ್ಟ ಹೆಸರು ಚೆಕಿಂಗಮ್ಮ. ಅದೇ ಹೆಸರು ಬೀದಿಗೂ ಬಂತು, ನೆಂಟರ ಬಾಯಿಗೂ ಬಂತು. ಇಡೀ ಜೀವಮಾನ ಬಸ್ಸಿನಲ್ಲಿ ತಲೆ ಎಣಿಸಿದವಳನ್ನೇ ತಲೆ ಎಣಿಸದೆ ಬಿಟ್ಟುಹೋಗಿದ್ದರು. ಅದೂ ಭಾಷೆ ಗೊತ್ತಿಲ್ಲದ ದೇಶದಲ್ಲಿ, ಕೈಚೀಲ, ಫೋನು, ಶಾಲು ಎಲ್ಲ ಸೀಟಿನ ಮೇಲಿರುವಾಗ. ಆ ಸೀಟಿನ ಪಕ್ಕದಲ್ಲೇ ಗಂಡ ಕೂತಿರುವಾಗ!

ಗಂಡ ಡ್ರಾಯಿಂಗ್ ಮೇಷ್ಟ್ರು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಹಾಗೆ ಹೊಗಳುವಾಗ ಒಂದು ಸಲ ಇವಳ ಕಡೆ ಕನಿಕರದಿಂದ ನೋಡುವುದೂ ಇತ್ತು. ಕನಿಕರ ಮೇಷ್ಟ್ರ ಮೇಲೆ. ಹೊರದೇಶ ನೋಡಬೇಕೆಂಬ ಆಸೆ ಅವರದ್ದು. ಟೂರಿನ ಗುಂಪಿಗೆ ಹೆಸರು ಕೊಟ್ಟು, ಸಾಲಿನಲ್ಲಿ ನಿಂತು, ಪೆಟ್ಟಿಗೆ ಕಟ್ಟಿ, ಔಷಧಿ ಜೋಡಿಸಿದ್ದು ಇವಳು.

"ಬರ್ತಾರೆ, ಈಗ ಬರ್ತಾರೆ," ಎಂದು ತನಗೆ ತಾನೇ ಹೇಳಿಕೊಂಡಳು. ಬರಲಿಲ್ಲ. ಬಿಸಿಲು ಇಳಿಯಿತು, ಗಾಳಿ ಎದ್ದಿತು.

ಬಂಕಿನ ಪಕ್ಕಕ್ಕೆ ಟೈರು ಅಂಗಡಿಯೊಂದಿತ್ತು. ಅಲ್ಲಿಂದ ಆನೆಯಂಥ ಆಳೊಬ್ಬ ಮೊಣಕೈವರೆಗೆ ಮಸಿ ಮೆತ್ತಿಕೊಂಡು ಬಂದು ಏನೋ ಕೇಳಿದ. ಅವನ ಭಾಷೆ ಇವಳಿಗೆ ಗೊತ್ತಾಗಲಿಲ್ಲ, ಇವಳ ಇಂಗ್ಲಿಷು ಅವನಿಗೆ ಗೊತ್ತಾಗಲಿಲ್ಲ. "ಹೋಗಯ್ಯ, ನಿನ್ನ ಕೆಲಸ ನೋಡ್ಕೋ," ಎಂದಳು. ಅವನು ಹೋದ. ಮತ್ತೆ ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ಅದನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, ಅವಳ ಹಿಂದೆ ಇಟ್ಟು, ಮಾತಿಲ್ಲದೆ ವಾಪಸ್ಸು ನಡೆದ. ಅವಳು ಕೂರಲಿಲ್ಲ. ಕೂತರೆ ಬಸ್ಸು ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಮನಸ್ಸಿನಲ್ಲೇ ಅವನಿಗೆ ಟೈರಪ್ಪ ಎಂದು ಹೆಸರಿಟ್ಟಳು.

ಸ್ವಲ್ಪ ಹೊತ್ತಿಗೆ ಹಳದಿ ಬಣ್ಣದ ಶಾಲೆ ಬಸ್ಸೊಂದು ಬಂದು ಅಂಗಡಿಯ ಮುಂದೆ ನಿಂತಿತು. ಡ್ರೈವರ್ ಸೀಟಿನಿಂದ ಇಳಿದವಳು ಹೆಂಗಸು. ಟೈರಪ್ಪನ ಹೆಂಡತಿ. ಗಂಡ ಹೇಳಿದ್ದನ್ನು ಕೇಳಿಕೊಂಡು ನೇರವಾಗಿ ಬಂದು, ಫೋನು ತೆಗೆದು, ಭಾಷೆಗಳ ಪಟ್ಟಿ ತೋರಿಸಿ, ಇವಳು ಕನ್ನಡಕ್ಕೆ ಬೆರಳಿಟ್ಟ ಮೇಲೆ ಅದಕ್ಕೆ ಏನೋ ಹೇಳಿದಳು. ಫೋನು ಗಂಟಲು ಸರಿಮಾಡಿಕೊಂಡ ಪುರೋಹಿತರ ಹಾಗೆ ಕನ್ನಡದಲ್ಲಿ ಕೇಳಿತು: "ಮಹಿಳೆಯೇ, ತಾವು ಕಳೆದುಹೋಗಿರುವಿರಾ?"

"ನಾನ್ಯಾಕೆ ಕಳೆದುಹೋಗ್ಲಿ? ಬಸ್ಸು ಕಳೆದುಹೋಗಿದೆ! ಆ ಟೂರು ಮ್ಯಾನೇಜರನ ಮನೆ ಹಾಳಾಗ, ತಲೆ ಎಣಿಸೋಕೆ ಬರದವನಿಗೆ ಯಾರು ಕೊಟ್ರು ಈ ಕೆಲಸ!"

ಫೋನು ಇದನ್ನು ಅವರ ಭಾಷೆಗೆ ಅದೇನು ಮಾಡಿ ಹೇಳಿತೋ. ಡ್ರೈವರಮ್ಮನ ಕಣ್ಣು ಅಗಲವಾದವು. ಯೋಚಿಸಿ ಉತ್ತರ ಕೊಟ್ಟಳು. ಫೋನು ಹೇಳಿತು: "ದಯವಿಟ್ಟು ನಮ್ಮ ಮನೆಯನ್ನು ಹಾಳುಗೆಡವಬೇಡಿರಿ. ನಮ್ಮ ಮನೆಯಲ್ಲಿ ಊಟವಿದೆ."

ಚೆಕಿಂಗಮ್ಮನಿಗೆ ನಗು ಬಂತು. ಇಂಥ ಹೊತ್ತಿನಲ್ಲಿ ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಪಾಸ್‌ಪೋರ್ಟು ಮಾತ್ರ ಅವಳ ಕೊರಳಲ್ಲೇ ಇತ್ತು. ಅದನ್ನಿಟ್ಟಿದ್ದ ಚೀಲದ ಮೇಲೆ ಟೂರಿನವರ ನಂಬರ್ ಇತ್ತು. ಡ್ರೈವರಮ್ಮನ ಫೋನಿನಿಂದಲೇ ಮಾಡಿದಳು. ಮ್ಯಾನೇಜರ್ ಎತ್ತಿದ.

"ಅಯ್ಯೋ ಮೇಡಂ, ನೀವು ಸೇಫಾ? ತುಂಬಾ ದೂರ ಬಂದ್ಬಿಟ್ಟಿದೀವಿ ಮೇಡಂ. ನಾಳೆ ಮಧ್ಯಾಹ್ನ ಇದೇ ದಾರೀಲಿ ವಾಪಸ್ ಬರ್ತೀವಿ. ಅಲ್ಲೀವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಅಡ್ಜಸ್ಟಾ? ಎಲ್ಲಿ ಮಾಡ್ಕೊಳ್ಳಲಿ, ಪೆಟ್ರೋಲ್ ಪಂಪಿನ ಮೇಲೆ ಮಲಗ್ಲಾ? ಕೊಡು ನಮ್ಮೆಜಮಾನರಿಗೆ!"

ಮೇಷ್ಟ್ರ ಧ್ವನಿ ಬಂತು, ಎಂದಿನಂತೆ ಮೆತ್ತಗೆ. "ಗಾಬರಿಯಾಗ್ಬೇಡ. ಅಲ್ಲಿ ಯಾರೋ ಒಳ್ಳೆಯವರು ಫೋನು ಕೊಟ್ಟಿದಾರಲ್ಲ. ನಿನಗೇನು, ಎಲ್ಲಿ ಬಿಟ್ರೂ ನಿಭಾಯಿಸ್ತೀಯ. ಇಲ್ಲಿ ಎಲ್ಲರೂ ಊಟಕ್ಕೆ ಕೂತಿದಾರೆ, ಆಮೇಲೆ ಮಾತಾಡೋಣ."

ಅವಳು ಫೋನನ್ನು ವಾಪಸ್ಸು ಕೊಟ್ಟಳು.

ಅವರ ಮನೆ ಅಂಗಡಿಯ ಹಿಂದೆಯೇ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಎಲ್ಲ ಕಡೆ ರಬ್ಬರಿನ ವಾಸನೆ. ಒಳಗೆ ಕಾಲಿಡುವಾಗ ಚೆಕಿಂಗಮ್ಮನ ಕಣ್ಣು ಕಿಟಕಿಯ ಸರಳು, ಬಾಗಿಲ ಚಿಲಕ, ಟೈರಪ್ಪನ ಮುಖ ಎಲ್ಲವನ್ನೂ ತಪಾಸಣೆ ಮಾಡಿತು. ಕೊರಳ ಚೀಲವನ್ನು ಸೀರೆಯೊಳಗೆ ಸೇರಿಸಿಕೊಂಡಳು. ಡ್ರೈವರಮ್ಮ ಅದನ್ನು ಕಂಡೂ ಕಾಣದ ಹಾಗೆ ಇದ್ದಳು. ತಮ್ಮ ಮಂಚದ ಹೊದಿಕೆ ಬದಲಾಯಿಸಿದಳು, ತನಗೂ ಗಂಡನಿಗೂ ಹೊರಗಿನ ಕೋಣೆಯಲ್ಲಿ ಚಾಪೆ ಬಿಡಿಸಿದಳು. ಚೆಕಿಂಗಮ್ಮ ತಟ್ಟೆ ತೊಳೆಯಲು ಎದ್ದರೆ ಭುಜ ಹಿಡಿದು ಕೂರಿಸಿದಳು. ತರಕಾರಿ ಹೆಚ್ಚಲು ಚಾಕು ಹಿಡಿದರೆ ಕಸಿದುಕೊಂಡಳು. ಎಷ್ಟೋ ಗಂಟೆ ನಿಂತು ಊದಿದ್ದ ಕಾಲು ಕಂಡು, ಟಬ್ಬಿನಲ್ಲಿ ಬಿಸಿನೀರು ತಂದು, ಮುಂದೆ ಕುಕ್ಕರಗಾಲಲ್ಲಿ ಕೂತು ಪಾದಕ್ಕೆ ಕೈಹಾಕಿದಾಗ ಚೆಕಿಂಗಮ್ಮ ಬೆಂಕಿ ಮುಟ್ಟಿದವಳಂತೆ ಕಾಲು ಹಿಂದಕ್ಕೆಳೆದಳು.

"ಬಿಡಿ ಬಿಡಿ! ನಾನೇನು ರೋಗಿಷ್ಟಳಾ? ನನಗೆ ಕೈಕಾಲು ಗಟ್ಟಿಯಾಗಿದೆ!"

ಫೋನು ಮೇಜಿನ ಮೇಲಿತ್ತು, ಯಾರೂ ಅದನ್ನು ಮುಟ್ಟಲಿಲ್ಲ. ಡ್ರೈವರಮ್ಮ ಮತ್ತೆ ಕಾಲು ಹಿಡಿದು ನೀರಿನಲ್ಲಿಟ್ಟಳು. ನೀರು ಹಿತವಾಗಿತ್ತು. ಅದು ಹಿತವಾಗಿದ್ದದ್ದೇ ಚೆಕಿಂಗಮ್ಮನಿಗೆ ಸಿಟ್ಟು ತರಿಸಿತು. ಮನೆಯಲ್ಲಿ ಜ್ವರ ಬಂದ ದಿನವೂ ಎದ್ದು, ಕಾಫಿ ಮಾಡಿ, ಮೇಷ್ಟ್ರಿಗೆ ಕೊಟ್ಟು ಆಮೇಲೆ ಮಲಗಿದವಳು ಅವಳು. ಅತ್ತೆ ಹಾಸಿಗೆ ಹಿಡಿದಾಗ ಡಬಲ್ ಡ್ಯೂಟಿ ಮುಗಿಸಿ ಬಂದು ಅವರ ಮೈ ಒರೆಸಿದವಳು. ಆಗೆಲ್ಲ ಮನೆಯವರು ಬಂದು ಹೋದವರ ಮುಂದೆ ಹೇಳುತ್ತಿದ್ದ ಮಾತು ಒಂದೇ: ಅವಳು ಗಟ್ಟಿ. ಅದನ್ನು ಬಿರುದಿನ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ್ದಳಲ್ಲ! ಹೆಸರು ಗೊತ್ತಿಲ್ಲದ ಒಬ್ಬಳು ನೋಡಿದ ಮೊದಲ ಸಂಜೆಯೇ ಕಾಲು ಊದಿದೆ ಎಂದು ಕಂಡುಹಿಡಿದಳು. ಮನೆಯವರಿಗೆ ಕಣ್ಣು ಇರಲಿಲ್ಲವೇ?

ಬಿಸಿ ಸೂಪು, ಬ್ರೆಡ್ಡು ಕೊಟ್ಟರು. ಸಿಟ್ಟಿನಲ್ಲೇ ಎರಡು ಸಲ ಹಾಕಿಸಿಕೊಂಡು ತಿಂದಳು.

ಬೆಳಿಗ್ಗೆ ಟೈರಪ್ಪ ಅಂಗಡಿ ತೆಗೆದ. ಒಬ್ಬಳನ್ನೇ ಮನೆಯಲ್ಲಿ ಕೂರಿಸುವುದು ಬೇಡವೆಂದೋ ಏನೋ, ಡ್ರೈವರಮ್ಮ ಅವಳನ್ನು ಶಾಲೆ ಬಸ್ಸಿನ ಮುಂದಿನ ಸೀಟಿಗೆ ಹತ್ತಿಸಿಕೊಂಡಳು. ಬಸ್ಸು ಹತ್ತಿದ್ದೇ ಚೆಕಿಂಗಮ್ಮನಿಗೆ ಜೀವ ಬಂದ ಹಾಗಾಯಿತು. ಗೇರು ಬದಲಿಸುವ ಸದ್ದು ಕೇಳಿ, "ಕ್ಲಚ್ಚು ಹೋಗ್ತಾ ಇದೆ, ರಿಪೇರಿಗೆ ಹಾಕಿಸಿ," ಎಂದಳು. ಫೋನು ಅದನ್ನೂ ಭಾಷಾಂತರ ಮಾಡಿತು. ಡ್ರೈವರಮ್ಮ ಹಣೆ ಚಚ್ಚಿಕೊಂಡು, ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿದೆ ಎಂದು ಕೈಯಲ್ಲೇ ತೋರಿಸಿದಳು. ಅದಕ್ಕೆ ಯಾವ ಫೋನೂ ಬೇಕಾಗಲಿಲ್ಲ. ಮೇಲಿನವರು ಎಲ್ಲ ಡಿಪೋಗಳಲ್ಲೂ ಒಂದೇ ಥರ.

ಮಕ್ಕಳು ಹತ್ತಿದವು, ಕಿತ್ತಾಡಿದವು, ಶಾಲೆಯ ಮುಂದೆ ಗಲಗಲ ಇಳಿದು ಹೋದವು. ಬಸ್ಸು ಖಾಲಿಯಾಯಿತು. ಡ್ರೈವರಮ್ಮ ಇಂಜಿನ್ ಆಫ್ ಮಾಡಿ ಎದ್ದಳು. ಹಿಂದಿನ ಸೀಟಿನವರೆಗೆ ನಡೆದಳು. ಪ್ರತಿ ಸಾಲಿನಲ್ಲೂ ನಿಂತು, ಬಗ್ಗಿ, ಸೀಟಿನ ಕೆಳಗೆ ನೋಡಿದಳು. ವಾಪಸ್ಸು ಬರುವಾಗ ಇನ್ನೊಂದು ಬದಿಯನ್ನು ನೋಡಿದಳು.

"ಏನು ಹುಡುಕ್ತೀರಿ?" ಚೆಕಿಂಗಮ್ಮ ಕೇಳಿದಳು.

"ನಿದ್ರಿಸಿದ ಮಗು ಉಳಿದಿರಬಹುದು," ಎಂದಿತು ಫೋನು.

"ಯಾವತ್ತಾದ್ರೂ ಉಳಿದಿತ್ತಾ?"

"ಇದುವರೆಗೆ ಇಲ್ಲ. ಪ್ರತಿದಿನ ನೋಡುವೆನು."

ಚೆಕಿಂಗಮ್ಮ ಡ್ರೈವರ್ ಸೀಟಿನ ಬೆನ್ನಿಗೆ ಎರಡೂ ಕೈಯಿಂದ ಗುದ್ದತೊಡಗಿದಳು.

"ಪಕ್ಕದಲ್ಲಿ ಕೂತಿದ್ರು ಕಣ್ರೀ! ಪಕ್ಕದಲ್ಲಿ! ಬಗ್ಗಿ ನೋಡ್ಬೇಕಿರಲಿಲ್ಲ, ಕುತ್ತಿಗೆ ತಿರುಗಿಸಿದ್ರೆ ಸಾಕಿತ್ತು! ನನ್ನ ಕೈಚೀಲ ಅಲ್ಲೇ ಬಿದ್ದಿತ್ತು, ಶಾಲು ಅಲ್ಲೇ ಇತ್ತು! ಇಷ್ಟು ವರ್ಷ ಆ ಮನುಷ್ಯನ ಕನ್ನಡಕ ಎಲ್ಲಿಟ್ಟಿದಾರೆ ಅಂತ ಹುಡುಕಿ ಕೊಟ್ಟಿದೀನಿ, ನನ್ನನ್ನೇ ಎಲ್ಲಿಟ್ಟೆ ಅಂತ ನೋಡ್ಲಿಲ್ಲವಲ್ರೀ!"

ಸಮಾಧಾನ ಮಾಡಿಕೊಳ್ಳಿ ಎಂದು ಡ್ರೈವರಮ್ಮ ಹೇಳಲಿಲ್ಲ. ಫೋನು ಹೇಳಿದ್ದನ್ನು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು, ದವಡೆ ಬಿಗಿಯಿತು. ಕೊನೆಗೆ ತನ್ನ ಭಾಷೆಯಲ್ಲಿ ಒಂದು ಮಾತು ಉಗುಳಿದಳು. ಫೋನಿಗೆ ಅದು ಗೊತ್ತಾಗದೆ ಸುಮ್ಮನಾಯಿತು. ಚೆಕಿಂಗಮ್ಮನಿಗೆ ಮಾತ್ರ ಚೆನ್ನಾಗಿ ಗೊತ್ತಾಯಿತು. ತನ್ನ ಪರವಾಗಿ ಇನ್ನೊಬ್ಬರು ಸಿಟ್ಟು ಮಾಡಿಕೊಂಡದ್ದನ್ನು ಅವಳು ಕಂಡದ್ದು ಅದೇ ಮೊದಲು.

ಮಧ್ಯಾಹ್ನ ಟೂರಿನ ಬಸ್ಸು ಬಂತು. ಮ್ಯಾನೇಜರ್ ಮೊದಲು ಇಳಿದ, ಹಲ್ಲು ಕಿರಿಯುತ್ತ. "ಮೇಡಂ, ಅಂತೂ ಲೋಕಲ್ ಮನೆ ಊಟ ಸಿಕ್ತಲ್ಲ ನಿಮಗೆ! ನಮಗ್ಯಾರಿಗೂ ಆ ಅದೃಷ್ಟ ಇಲ್ಲ."

"ಮುಚ್ಚು ಬಾಯಿ! ಎಣಿಸೋಕೆ ಬರಲ್ವೇನೋ ನಿನಗೆ?"

ಅವನ ನಗು ಹಾರಿಹೋಯಿತು. "ಎಣಿಸಿದೆ ಮೇಡಂ, ದೇವರಾಣೆ. ಒಬ್ಬರು ಕಮ್ಮಿ ಬಂತು. ಕೇಳಿದೆ. ನಿಮ್ಮೆಜಮಾನರೇ, 'ಹಿಂದಿನ ಸೀಟಿಗೆ ಹೋಗಿರ್ತಾಳೆ, ನಡೀರಿ' ಅಂದ್ರು. ಆಮೇಲೆ ಅವರಿಗೆ ಗೊತ್ತಾಗಿದೆ. ನಮಗೆ ಹೇಳಿದ್ದು ಟೂರಿನ ಬೋಟ್ ಸವಾರಿ ಮುಗಿಸಿ ಇಳಿದ ಮೇಲೆ."

ಮೇಷ್ಟ್ರು ಅವನ ಹಿಂದೆ ಶಾಲು ಹಿಡಿದುಕೊಂಡು ನಿಂತಿದ್ದರು.

"ಯಾವಾಗ ಗೊತ್ತಾಯ್ತು ನಿಮಗೆ?" ಚೆಕಿಂಗಮ್ಮ ಕೇಳಿದಳು. ಧ್ವನಿ ಏರಿರಲಿಲ್ಲ. ಅದಕ್ಕೇ ಮೇಷ್ಟ್ರು ಹೆದರಿದರು.

"ಒಂದರ್ಧ ಗಂಟೆಗೆ... ಹಿಂದೆ ಹೋಗಿ ನೋಡಿದೆ, ನೀನಿರಲಿಲ್ಲ. ಆದ್ರೆ ಅಷ್ಟರಲ್ಲಿ ಬೋಟಿನ ಟೈಮಾಗಿತ್ತು. ಬಸ್ಸು ತಿರುಗಿಸಿದ್ರೆ ಎಲ್ಲರದ್ದೂ ತಪ್ಪಿಹೋಗ್ತಿತ್ತು. ಪಾಪ, ವಯಸ್ಸಾದವರು, ಆಸೆಪಟ್ಟು ಬಂದಿರ್ತಾರೆ. ನಮ್ಮಿಂದ ಅವರಿಗ್ಯಾಕೆ ತೊಂದರೆ ಅಂತ... ನೀನಾದ್ರೆ ಹೇಗೋ—"

"ಬೋಟು ಹತ್ತಿದ್ರಾ ನೀವು?"

ಮೇಷ್ಟ್ರು ಕೈಯಲ್ಲಿದ್ದ ಶಾಲು ಮಡಿಸತೊಡಗಿದರು.

"ಹತ್ತಿದ್ರಾ?"

"ಸುಮ್ನೆ ಎಲ್ಲರ ಜೊತೆ..."

ನಡುವೆ ಡ್ರೈವರಮ್ಮ ನುಗ್ಗಿದಳು. ಏನು ನಡೆಯಿತೆಂದು ಫೋನಿನಿಂದ ತಿಳಿದುಕೊಂಡಿದ್ದಳೋ, ಮುಖ ನೋಡಿಯೇ ಅರ್ಥವಾಯಿತೋ, ಮ್ಯಾನೇಜರನ ಮೂಗಿನ ಮುಂದೆ ಬೆರಳು ಆಡಿಸುತ್ತ ತನ್ನ ಭಾಷೆಯಲ್ಲಿ ಝಾಡಿಸಿದಳು. ಅವನಿಂದ ಮೇಷ್ಟ್ರ ಕಡೆ ತಿರುಗಿದಳು. ಬಸ್ಸಿನ ಬಾಗಿಲು ತೋರಿಸಿದಳು, ಸೀಟು ತೋರಿಸಿದಳು, ಬಗ್ಗಿ ನೋಡುವುದನ್ನು ಅಭಿನಯಿಸಿ ತೋರಿಸಿದಳು. ಟೈರಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ಹಿಂದೆ ನಿಂತ. ಅವನದು ಒಂದು ಮಾತೂ ಇಲ್ಲ, ಪಾನಾ ಮಾತ್ರ ದೊಡ್ಡದಿತ್ತು. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಇಣುಕಿದವು.

"ಎಲ್ಲರೂ ನೋಡ್ತಿದಾರೆ," ಮೇಷ್ಟ್ರು ಪಿಸುಗುಟ್ಟಿದರು. "ಬಸ್ಸು ಹತ್ತು, ಊರಿಗೆ ಹೋಗಿ ಮಾತಾಡೋಣ. ಡ್ರೈವರಿಗೆ ಲೇಟಾಗುತ್ತೆ."

"ಹತ್ತಲ್ಲ."

"ಅಂದ್ರೆ?"

"ನನ್ನ ಕೈಚೀಲ, ಪೆಟ್ಟಿಗೆ ಇಳಿಸಿ. ವಿಮಾನದ ದಿನ ನೇರವಾಗಿ ಏರ್‌ಪೋರ್ಟಿಗೇ ಬರ್ತೀನಿ. ಇವರು ಬಿಡ್ತಾರೆ." ಇದನ್ನು ಅವರೊಡನೆ ಮಾತಾಡಿರಲಿಲ್ಲ. ತಿರುಗಿ ಡ್ರೈವರಮ್ಮನ ಮುಖ ನೋಡಿದಳು. ಡ್ರೈವರಮ್ಮ ಫೋನು ಹೇಳಿದ್ದನ್ನು ಕೇಳಿಸಿಕೊಂಡು, ಇದರಲ್ಲಿ ಕೇಳುವುದೇನಿದೆ ಎಂಬಂತೆ ಪೆಟ್ಟಿಗೆ ಇಳಿಸಲು ಗಂಡನನ್ನು ಕಳಿಸಿದಳು.

ಮೇಷ್ಟ್ರು ಹೆಂಡತಿಯನ್ನು ನೋಡಿದರು, ಬಸ್ಸನ್ನು ನೋಡಿದರು. "ನಾನೂ ಇಲ್ಲೇ ಇರ್ಲಾ?"

"ನಿಮ್ಮನ್ನ ಯಾರು ಕರೆದ್ರು?"

ಬಸ್ಸು ಹಾರ್ನ್ ಹೊಡೆಯಿತು. ಮೇಷ್ಟ್ರು ಶಾಲನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ತಲೆ ತಗ್ಗಿಸಿ ಬಸ್ಸು ಹತ್ತಿದರು. ಇರಬೇಡಿ ಎಂಬಂತೆ ಮಾತಾಡಿದವಳು ತಾನೇ. ಆದರೂ ಅವರು ಹತ್ತಿದ್ದು ಕಂಡು ಚೆಕಿಂಗಮ್ಮನ ಮೈಯೆಲ್ಲ ಉರಿಯಿತು.

ಆಮೇಲಿನ ದಿನಗಳನ್ನು ಅವಳು ಆ ಎರಡು ಕೋಣೆಯ ಮನೆಯಲ್ಲಿ ಕಳೆದಳು. ಸೋಫಾದ ಮೇಲೆ ಕಾಲು ಚಾಚಿ ಕೂತು, ಅವರು ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಂಡಳು. ಮೊದಮೊದಲು ಅದು ಕಷ್ಟವಾಯಿತು, ಎದ್ದು ಏನಾದರೂ ಮಾಡೋಣವೆಂದು ಕೈ ಚಡಪಡಿಸುತ್ತಿತ್ತು. ಹಾಗೆ ಎದ್ದಾಗಲೆಲ್ಲ ಟೈರಪ್ಪ ದೊಡ್ಡ ಕಣ್ಣು ಬಿಟ್ಟು ಕುರ್ಚಿ ತೋರಿಸುತ್ತಿದ್ದ. ಡ್ರೈವರಮ್ಮ ಸಂಜೆ ಅಡುಗೆ ಮಾಡುತ್ತ ತನ್ನ ಮೇಲಿನವರನ್ನು ಬೈಯುತ್ತಿದ್ದಳು, ಇವಳು ತನ್ನವರನ್ನು ಬೈಯುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲದೆ, ಫೋನನ್ನು ಪಕ್ಕಕ್ಕಿಟ್ಟು, ಇಬ್ಬರೂ ಹೊಟ್ಟೆ ತುಂಬ ಬೈದರು.

ವಿಮಾನ ನಿಲ್ದಾಣಕ್ಕೆ ಟೈರಪ್ಪ, ಡ್ರೈವರಮ್ಮ ಇಬ್ಬರೂ ಅವಳನ್ನು ಕರೆತಂದರು. ಚೆಕಿಂಗಮ್ಮ ಡ್ರೈವರಮ್ಮನ ಎರಡೂ ಕೈ ಹಿಡಿದುಕೊಂಡಳು. "ತಂಗೀ," ಎಂದಳು. ಅಷ್ಟೇ.

ಒಳಗೆ ಟೂರಿನ ಗುಂಪು ನಿಂತಿತ್ತು. ಮೇಷ್ಟ್ರು ಗಾಡಿ ತಳ್ಳಿಕೊಂಡು ಎದುರಿಗೆ ಬಂದರು. "ಬಂದ್ಯಾ, ಒಳ್ಳೇದಾಯ್ತು. ಎಲ್ಲರೂ ಕೇಳ್ತಿದ್ರು," ಎಂದು ಪೆಟ್ಟಿಗೆಗೆ ಕೈಹಾಕಿದರು.

"ಎಲ್ಲರ ವಿಷಯ ಬಿಡಿ." ಅವಳ ಧ್ವನಿ ಆ ದೊಡ್ಡ ಹಾಲಿನಲ್ಲಿ ಗಣಗಣಿಸಿತು. ಮನೆಯ ಮಾನವೆಂದು ಇಷ್ಟು ವರ್ಷ ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡದೆ ನುಂಗಿಕೊಂಡವಳು, ಈಗ ನುಂಗಲಿಲ್ಲ. "ನಾನು ಇಲ್ಲ ಅಂತ ಗೊತ್ತಾದ ಮೇಲೆ ನೀವು ಬೋಟಲ್ಲಿ ಕೂತ್ರಿ. ನನಗೆ ಹೆದರಿಕೆ ಆಗಿತ್ತು. ಚಳಿ ಆಗ್ತಿತ್ತು. ಕಾಲು ಊದಿತ್ತು. ಇದನ್ನ ನೀವು ಕೇಳಿಸ್ಕೊಳ್ಳಲೇಬೇಕು."

ಗುಂಪಿನವರು ತಿರುಗಿದರು. ಮೇಷ್ಟ್ರ ಕಣ್ಣು ಅವರ ಕಡೆ, ಮ್ಯಾನೇಜರನ ಕಡೆ, ಕೌಂಟರಿನ ಕಡೆ ಓಡಿತು.

"ಅವರನ್ನ ಯಾಕೆ ನೋಡ್ತೀರಿ? ನನ್ನ ನೋಡಿ."

ಮೇಷ್ಟ್ರು ನೋಡಿದರು. ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿ ಅವರಿಗೆ ರೂಢಿಯಿರಲಿಲ್ಲ. "ನಾನೂ ಹೆದರಿದ್ದೆ," ಎಂದರು. "ಬಸ್ಸು ನಿಲ್ಸಿ ಅಂತ ಕೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು."

ಅವಳಿಗೆ ಅದು ಸಾಲಲಿಲ್ಲ. ಸಾಲಲಿಲ್ಲವೆಂದು ಅಲ್ಲೇ ಹೇಳಿದಳು, ವಿಮಾನದಲ್ಲೂ ಹೇಳಿದಳು, ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಹೇಳಿದಳು. ಮೇಷ್ಟ್ರು ಪ್ರತಿ ಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು, ಕೂತು, ಕೊನೆಯವರೆಗೆ ಕೇಳಿದರು.