ಗಲೀಜಿನ ಫೋಟೋ

ಆ ಗಲ್ಲಿಯ ತುದಿಯಲ್ಲಿದ್ದ ಕಸದ ಗುಡ್ಡ ಎಂಥದ್ದೆಂದರೆ, ಅದರ ನೆತ್ತಿಯ ಮೇಲೆ ಕೂತ ಕಾಗೆಗೆ ಸಮುದ್ರ ಕಾಣುತ್ತಿತ್ತು. ಸಮುದ್ರವಿದ್ದದ್ದು ರೈಲಿನಲ್ಲಿ ಎರಡು ದಿನದ ದಾರಿ. ನಂಬದವರು ಕಾಗೆಯನ್ನೇ ಕೇಳಲಿ. ವಿಶ್ವವಿದ್ಯಾಲಯದವರು ಗಲ್ಲಿಯ ಜೊತೆ ಕೈಜೋಡಿಸಿ ಸಲಿಕೆ, ತಳ್ಳುಗಾಡಿ, ಒಂದು ದಂಡು ವಿದ್ಯಾರ್ಥಿಗಳನ್ನು ಕಳಿಸಿದಾಗ ಆ ಕೊಳಚೆಗೆ ಮೊದಲು ಕಾಲಿಟ್ಟವರು ಗಲ್ಲಿಯ ಟೈಲರನ ಅತ್ತಿಗೆ. ತೀರಿಹೋದ ಅಣ್ಣನ ಹೆಂಡತಿ. ಟೈಲರನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಅವರು ಸಲಿಕೆ ಬೀಸಿದ ರಭಸಕ್ಕೆ ಇಲಿಗಳು ಸಂಸಾರಸಮೇತ ಊರು ಬಿಟ್ಟವು. ವರ್ಷ ತುಂಬುವುದರೊಳಗೆ ಅಲ್ಲಿ ಗಿಡಗಳು, ಬೆಂಚು, ಮಕ್ಕಳು ಕೂತು ಓದುವ ಕಟ್ಟೆ. ಕಟ್ಟೆಗೆ ಸೂರೊಂದು ಬಾಕಿ.

ಟೈಲರ್ ಈ ಮಹಾಕಾರ್ಯಕ್ಕೆ ಬಾಯಿ ಕೊಟ್ಟಿದ್ದ. ಅದು ಅವನ ಹೊಲಿಗೆ ಮಿಷನ್ನಿಗಿಂತ ಜೋರಾಗಿ ಓಡುತ್ತಿತ್ತು.

ಸೂರು ಕಟ್ಟಿಸಿಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ದೊಡ್ಡವರಿಗೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಫೋಟೋ ಪ್ರದರ್ಶನ ಇಡಬೇಕಿತ್ತು. ಯೋಜನೆ ನೋಡಿಕೊಳ್ಳುವ ಮೇಡಂ ಟೈಲರನ ಅಂಗಡಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತರು.

“ಮೊದಲು ಹೇಗಿತ್ತು ಅಂತ ತೋರಿಸೋಕೆ ಒಂದು ಫೋಟೋನೂ ಇಲ್ಲ. ಕೆಲಸದ ಹುಮ್ಮಸ್ಸಲ್ಲಿ ಎಲ್ಲರೂ ಮರೆತೇಬಿಟ್ವಿ.”

“ಇಷ್ಟೇನಾ ಮೇಡಂ? ನಾಳೆ ಬೆಳಿಗ್ಗೆ ಬನ್ನಿ. ಎಂಥ ಗಲೀಜು ಬೇಕು ಹೇಳಿ, ಅಳತೆ ತಗೊಂಡು ಹೊಲಿದುಕೊಡ್ತೀನಿ!”

ಮೇಡಂ ಬೇಡ ಎನ್ನಲು ಬಾಯಿ ತೆರೆದವರು, ಸೂರು ನೆನಪಾಗಿ ಮುಚ್ಚಿಕೊಂಡರು.

ಮರುದಿನ ಇಡೀ ಗಲ್ಲಿ ಬುಟ್ಟಿಗಟ್ಟಲೆ ಕಸ ತಂದು ಕಟ್ಟೆಯ ಮೇಲೆ ಸುರಿಯಿತು. ನಗುವೋ ನಗು.

“ನಿನ್ನ ಗಂಡನ್ನೂ ತಂದು ಹಾಕೇ, ಒಳ್ಳೇ ಜಾಗ ಇದೆ!”

“ಹಾಕಿದ್ರೆ ಕಸ ಬೇಜಾರು ಮಾಡ್ಕೊಳ್ಳುತ್ತೆ ಕಣೇ!”

ಕ್ಯಾಮೆರಾ ಹಿಡಿದ ಮೇಡಂ ಹಿಂಜರಿಯುತ್ತ ಹೇಳಿದರು: “ಯಾರಾದ್ರೂ ಒಬ್ಬರು ಮಧ್ಯದಲ್ಲಿ ನಿಂತ್ರೆ ಚೆನ್ನಾಗಿತ್ತು. ಸ್ವಲ್ಪ ವಯಸ್ಸಾದೋರು.”

ಟೈಲರ್ ಕೂಗು ಹಾಕಿದ. ಫೋಟೋ ಎಂದು ಕೇಳಿ ಅತ್ತಿಗೆ ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ಬಂದರು. ತಾವು ಕಟ್ಟಿದ ಜಾಗದ ಫೋಟೋ ಅಲ್ಲವೇ.

“ಅಯ್ಯೋ ಅತ್ತಿಗೆ, ಇದಲ್ಲ. ನೆಲ ಒರೆಸುವಾಗ ಉಡ್ತೀರಲ್ಲ, ಆ ಹರಕಲು.”

ಅತ್ತಿಗೆ ಕಸದ ಕಡೆ ನೋಡಿದರು, ಮೈದುನನನ್ನು ನೋಡಿದರು. ಮನೆಗೆ ಹೋಗಿ, ಹರಕಲು ಉಟ್ಟು ಕೂದಲು ಕೆದರಿಕೊಂಡು ಬಂದು ಕಸದಲ್ಲಿ ನಿಂತರು.

“ಮುಖ ಹೇಗಿಟ್ಕೊಳ್ಳಲೋ?”

“ದುಃಖವಾಗಿ.”

ಆದರೆ ಅವರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕರೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಗಲ್ಲಿಯೂ ನಕ್ಕಿತು. ಬಿಸಿಲು ಏರುತ್ತಿತ್ತು, ಮೇಡಂ ಗಡಿಯಾರ ನೋಡಿದರು. ಟೈಲರನಿಗೆ ತನ್ನ ಮರ್ಯಾದೆಯೇ ಹೋಗುತ್ತಿದೆ ಎನಿಸಿತು.

“ಅತ್ತಿಗೆ, ಅಣ್ಣ ಸತ್ತ ದಿನ ನೆನಪು ಮಾಡ್ಕೊಳ್ಳಿ.”

ನಗು ನಿಂತಿತು. ಅವರದ್ದಷ್ಟೇ ಅಲ್ಲ, ಗಲ್ಲಿಯದ್ದೂ. ಕ್ಯಾಮೆರಾ ಕ್ಲಿಕ್ಕೆಂದಿತು. ಆ ಸದ್ದು ಟೈಲರನ ಕಿವಿಗೆ ಗುಡುಗಿನಷ್ಟಾಯಿತು, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಅತ್ತಿಗೆ ಪೊರಕೆ ಹಿಡಿದು ಕಟ್ಟೆ ಗುಡಿಸತೊಡಗಿದರು.

ಪ್ರದರ್ಶನದ ದಿನ ಆ ಫೋಟೋ ಬಾಗಿಲಿನಷ್ಟು ಎತ್ತರವಾಗಿ ನಿಂತಿತ್ತು. ಪಕ್ಕದಲ್ಲಿ ಸ್ವಚ್ಛವಾದ ಕಟ್ಟೆ. ಅದರ ಮೇಲೆ ತಾನೇ ಹೊಲಿದ ಕೋಟು ತೊಟ್ಟು, ಮಕ್ಕಳ ನಡುವೆ ಟೈಲರ್. ತೀರ್ಮಾನಿಸಲು ಬಂದ ದೊಡ್ಡವರಲ್ಲಿ ಒಬ್ಬ ಹಿರಿಯರು ಮೊದಲ ಚಿತ್ರದ ಮುಂದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಪಾಪ, ಎಂಥ ಮುಖ! ಈಕೆ ಈಗ ಎಲ್ಲಿದ್ದಾರೆ?”

ಅತ್ತಿಗೆ ಅವರ ಪಕ್ಕದಲ್ಲೇ ಇದ್ದರು, ಒಳ್ಳೆಯ ಬಟ್ಟೆಯಲ್ಲಿ, ತಲೆ ಬಾಚಿಕೊಂಡು. ಹಿರಿಯರಿಗೆ ಗುರುತೇ ಸಿಗಲಿಲ್ಲ. ಟೈಲರ್ ಬಾಯಿ ತೆರೆದ. ‘ಇವರೇ, ನನ್ನ ಅತ್ತಿಗೆ, ಆ ಕಟ್ಟೆ ಕಟ್ಟಿದ್ದೇ ಇವರು’ ಎಂದರೆ, ಹಾಗಾದರೆ ಇದು ಯಾವಾಗಿನ ಫೋಟೋ, ಯಾಕೆ ಈ ಮುಖ ಎಂಬ ಪ್ರಶ್ನೆ ಬರುತ್ತದೆ. ಸೂರು ಹೋಗುತ್ತದೆ. ಕೋಟೂ ಹೋಗುತ್ತದೆ. ಅತ್ತಿಗೆ ಅವನನ್ನೇ ನೋಡುತ್ತ ಕಾದರು.

ಅವನು ಕೋಟಿನ ಗುಂಡಿ ಸರಿಮಾಡಿಕೊಂಡು, “ಗೊತ್ತಿಲ್ಲ ಸಾರ್” ಎಂದ.

“ಚೆನ್ನಾಗಿದ್ದಾಳೆ ಸಾರ್,” ಎಂದರು ಅತ್ತಿಗೆ. “ನಮ್ಮ ಗಲ್ಲಿಯೋಳೇ.”

ಸೂರು ಮಂಜೂರಾಯಿತು. ಚಪ್ಪಾಳೆ ಬಿತ್ತು. ಹಿಂತಿರುಗುವ ಬಸ್ಸಿನಲ್ಲಿ ಅತ್ತಿಗೆ ಪಕ್ಕದ ಸೀಟು ತಟ್ಟಿ, “ಬಾರೋ, ಕೂತ್ಕೋ, ಕಾಲು ನೋಯುತ್ತೆ” ಎಂದು ಕರೆದರು. ಬಸ್ಸೆಲ್ಲ ಖಾಲಿಯಿತ್ತು. ಟೈಲರ್ ಕಂಬಿ ಹಿಡಿದು, ಕೋಟನ್ನು ಕಂಕುಳಲ್ಲಿ ಮುದುರಿಕೊಂಡು, ಗಲ್ಲಿ ಬರುವ ತನಕ ನಿಂತೇ ಇದ್ದ.