ತಾಯವ್ವ ಒಡಪು ಮುರಿದದ್ದು

ಲಕ್ವಾ ಹೊಡೆದು ದುರ್ಗಪ್ಪನ ಬಲಗೈ ಬಿದ್ದುಹೋಯಿತು ಎಂದಾಗ ಬೈಲಹೊಂಗಲದ ಆ ಓಣಿ ಮರುಗಿತು. ಮಾತೂ ನಿಂತಿದೆ ಎಂದಾಗ ಗಾಬರಿಯಾಯಿತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದವನು ಅವನು. ತೂಕಕ್ಕೆ ಕಾಯುತ್ತ ನಿಂತ ಗಾಡಿಯವರನ್ನೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದವನು. ಈಗ ಪಡಸಾಲೆಯಲ್ಲಿ ಮಲಗಿ ತೊಲೆ ನೋಡುತ್ತಿದ್ದ. ಯಾರು ಬಂದರೂ ಅದೇ ನೋಟ.

“ಕೈಕಾಲಿಗೆ ಔಷಧ ಐತಿ,” ಎಂದಿದ್ದರು ಡಾಕ್ಟರು. “ತಿಳಿವಳಿಕಿ ಎಷ್ಟು ಉಳದೈತಿ ಅನ್ನೂದು ಈಗಽ ಹೇಳಾಕ ಬರೂದಿಲ್ಲ. ಹತ್ತಿರದವರು ಹೆಸರು ಹಿಡದು ಕರೀರಿ, ಮಾತಾಡಸ್ರಿ.”

ಹತ್ತಿರದವರೆಂದರೆ ಹೆಂಡತಿ ತಾಯವ್ವ. ಆಕೆಯೋ ಲಗ್ನವಾದಂದಿನಿಂದ ಗಂಡನ ಹೆಸರನ್ನು ಬರಿಬಾಯಲ್ಲಿ ಅಂದವಳಲ್ಲ. ರೇಷನ್ ಅಂಗಡಿಯವನು ಕೇಳಿದರೂ ಮಗಳ ಕಡೆ ಬೆರಳು ತೋರಿಸುವವಳು.

ಸಂಪಗಾಂವದಿಂದ ಬಂದ ತಮ್ಮ ಲಗಮಪ್ಪ ಅಣ್ಣನ ಭುಜ ಹಿಡಿದು ಅಲುಗಿಸಿದ. “ಅಣ್ಣಾ, ದುರ್ಗಪ್ಪಣ್ಣಾ, ನಾ ಯಾರು ಹೇಳು?”

ತೊಲೆಯ ಮೇಲಿದ್ದ ಕಣ್ಣು ತೊಲೆಯ ಮೇಲೆಯೇ ಉಳಿಯಿತು.

“ಮಾರಿ ಅಣ್ಣಂದಽ ಐತಿ ವೈನಿ, ಒಳಗ ಯಾರೂ ಇಲ್ಲ,” ಎಂದು ಲಗಮಪ್ಪ ನಿಟ್ಟುಸಿರುಬಿಟ್ಟ. “ಇನ್ನ ಕೂಸಿಗೆ ಉಣಿಸಿದಂಗ ಉಣಿಸಿಕೋತ ಕೂಡ್ರೂದು.”

ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ಮಗಳು ಕೃಷ್ಣವ್ವನಿಗೆ ಆ ಮಾತು ಚುರ್ ಎಂದಿತು. ಬಿ.ಎ. ಮುಗಿಸಿದ್ದರೂ ಮನೆಗೆ ಬಂದವರ ಎದುರು ನಾಲ್ಕು ಮಾತು ಆಡಲಾರದ ಹುಡುಗಿ. ಆದರೂ ಹೊರಗೆ ಬಂದು ತಾಯಿಯ ಸೆರಗು ಎಳೆದಳು. “ಅವ್ವಾ, ಒಡಪಿನ್ಯಾಗ ಹೇಳ ಬೇ.”

ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪಿನಲ್ಲಾದರೆ ಹೆಸರಿಗೆ ಅಡ್ಡಿಯಿಲ್ಲ. ಯಾರದೇ ಮದುವೆ, ಬಸುರಿಯ ಕುಬಸವಿರಲಿ, ತಾಯವ್ವ ಹೇಳುತ್ತಿದ್ದುದು ಒಂದೇ ಒಡಪು. ಅದನ್ನೇ ನಡುಗುವ ದನಿಯಲ್ಲಿ ಹೇಳಿದಳು.

“ಹಿತ್ತಲದಾಗ ಹಚ್ಚೀನಿ ಮಲ್ಲಿಗಿ ಬಳ್ಳಿ,
ದುರ್ಗಪ್ಪನವರು ತಂದಾರ ಕಾಲಿಗೆ ಬೆಳ್ಳಿ.”

ದುರ್ಗಪ್ಪನ ಕಣ್ಣು ಮೆಲ್ಲಗೆ ಹೆಂಡತಿಯ ಕಡೆ ಹೊರಳಿತು. ಅಷ್ಟೇ, ಮತ್ತೆ ತೊಲೆಗೆ ಹೋಯಿತು.

“ಸಪ್ಪಳಕ್ಕ ಹೊಳ್ಳಿದಾ,” ಎಂದ ಲಗಮಪ್ಪ. “ಕರದರ ಎಮ್ಮೀನೂ ಹೊಳ್ಳತೈತಿ.”

ತಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೃಷ್ಣವ್ವನಿಗೆ ಅಪ್ಪನ ಹಳೆಯ ಮಾತೊಂದು ನೆನಪಾಯಿತು. “ನಗಸೂದು ಅಂದ್ರ ಲಾರಿ ಹೊಡದಂಗವ್ವಾ. ಬಲಕ್ಕ ಕೈ ತೋರಿಸಿ ಎಡಕ್ಕ ಹೊಳ್ಳಸಬೇಕು. ಹಿಂದಿನವ ಬಲಕ್ಕ ನೋಡಿರಬೇಕು, ಅಂದ್ರಽ ಮಜಾ.” ಹೌದಲ್ಲ! ಕೇಳಿ ಕೇಳಿ ಸವೆದ ಒಡಪಿಗೆ ಅಪ್ಪ ಏನೆಂದು ಮಿಸುಕಾಡಬೇಕು? ದಾರಿ ತಪ್ಪಿಸಿದರೆ? ನಕ್ಕನೆಂದರೆ ಕೊನೆಯ ‘ಬೆಳ್ಳಿ’ ಎಂಬ ಮಾತನ್ನೇ ಅವನು ಒಳಗೆ ಕಾಯುತ್ತಿದ್ದನೆಂದೇ ಅರ್ಥ. ಕಾಯುವವನೊಬ್ಬ ಇನ್ನೂ ಒಳಗಿದ್ದಾನೆ ಎಂದೇ ಅರ್ಥ. ನಗದಿದ್ದರೆ? ಅದನ್ನು ನೆನೆಯಲಾರದೆ ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು.

“ಹುಚ್ಚಿ! ಇಂಥಾ ಹೊತ್ತಿನ್ಯಾಗ?”

“ಹೇಳ ಬೇ, ನಿನ್ನ ಕಾಲ ಬೀಳತೇನಿ.”

ತಾಯವ್ವ ಮೈದುನನ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು.

“ಹಿತ್ತಲದಾಗ ಹಚ್ಚೀನಿ ಮಲ್ಲಿಗಿ ಬಳ್ಳಿ,
ದುರ್ಗಪ್ಪನವರು ತಂದಾರ…” ಉಗುಳು ನುಂಗಿದಳು. “ಚೀಲದ ತುಂಬ ಬಳ್ಳೊಳ್ಳಿ!”

ಲಗಮಪ್ಪ ಬಾಯಿ ತೆರೆದು ಕುಳಿತ. ಅತ್ತಿಗೆಗೂ ತಲೆ ಕೆಟ್ಟಿತೇ ಎಂಬಂತೆ ನೋಡಿದ. ಆದರೆ ನಡೆದದ್ದು ಅದೇ. ವರ್ಷಗಳ ಹಿಂದೆ ಹೆಂಡತಿಗೆ ಕಾಲುಂಗುರ ತರುತ್ತೇನೆಂದು ಯರಗಟ್ಟಿಗೆ ಹೋದ ದುರ್ಗಪ್ಪ, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೆಳ್ಳುಳ್ಳಿ ಹೊತ್ತು ತಂದಿದ್ದ. ಆ ವರ್ಷವಿಡೀ ಮನೆಯಲ್ಲಿ ಹಾಲೂ ಬಳ್ಳೊಳ್ಳಿ ನಾರುತ್ತಿತ್ತು.

ಹಾಸಿಗೆಯಿಂದ ಗೊರ್ ಎಂದು ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೆಂದು ಕೃಷ್ಣವ್ವ ಓಡಿ ಬಗ್ಗಿದಳು. ಅಪ್ಪನ ಎಡಗಡೆಯ ತುಟಿ ಮೇಲಕ್ಕೆ ಎದ್ದಿತ್ತು. ಹೊದಿಕೆಯೊಳಗೆ ಹೊಟ್ಟೆ ಕುಲುಕುತ್ತಿತ್ತು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

ಸೊಟ್ಟ ಬಾಯಿ ಏನನ್ನೋ ಹೇಳಲು ಹೆಣಗಿತು.

“ಅ… ಅರ್ಧ… ಚೀಲ.”

“ಎಲ್ಲಿದ್ರಿ ಅರ್ಧ!” ಅಳುತ್ತಲೇ ತಾಯವ್ವ ಜಬರಿಸಿದಳು. “ಚೀಲದ ಬಾಯಿ ಕಟ್ಟಾಕ ಬರವಲ್ದಾಗಿತ್ತು! ಓಣಿಗೆಲ್ಲಾ ಹಂಚೇನಿ ನಾ!”

ಲಗಮಪ್ಪ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ. “ಅದಾನ ವೈನಿ,” ಎಂದ. “ಅಣ್ಣ ಮನ್ಯಾಗಽ ಅದಾನ.”

ಕೃಷ್ಣವ್ವ ಗಂಜಿ ಕಾಸಲು ಒಳಗೆ ಹೋದಳು. ಒಲೆಯ ಮುಂದೆ ಕುಳಿತಳು. ಒಗ್ಗರಣೆಗೆಂದು ಗೂಡಿಗೆ ಕೈ ಹಾಕಿದರೆ ಸಿಕ್ಕಿದ್ದು ಬಳ್ಳೊಳ್ಳಿ. ಎಂದೂ ಸದ್ದು ಮಾಡಿ ನಗದ ಹುಡುಗಿ, ಅದನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ಪೂರಾ ಚೀಲ ಇತ್ತರೀ!” ಪಡಸಾಲೆಯಲ್ಲಿ ತಾಯವ್ವ ಇನ್ನೂ ಬಿಟ್ಟಿರಲಿಲ್ಲ.

“ಅರ್ಧ,” ಎಂದಿತು ದುರ್ಗಪ್ಪನ ದನಿ, ಈ ಸಲ ತೊದಲದೆ.