ಕೆಂಪು ಹಿಡಿ, ನೀಲಿ ಹಿಡಿ

ಮಾವ ನಿವೃತ್ತರಾಗಿ ಮನೆಗೆ ಬಂದ ಮೇಲೆ ನಮ್ಮ ಅಡುಗೆಮನೆಗೆ ಶನಿ ವಕ್ಕರಿಸಿತೆಂದೇ ನಾನು ಅಂದುಕೊಂಡಿದ್ದೆ. ಹಿರಿಯರ ಬಗ್ಗೆ ಹೀಗೆ ಹೇಳಬಾರದು, ಗೊತ್ತು. ಆದರೆ ಒಲೆಯ ಮೇಲಿನ ಪಾತ್ರೆಗಳ ಮುಚ್ಚಳವನ್ನು ದಿನವಿಡೀ ಎತ್ತೆತ್ತಿ ನೋಡುವ ಹಿರಿಯರ ಜೊತೆ ನೀವೂ ಒಂದು ವಾರ ಕಳೆದು ಬನ್ನಿ, ಆಮೇಲೆ ನನಗೆ ಬುದ್ಧಿ ಹೇಳಿ.

ನಾನೂ ನನ್ನ ಓರಗಿತ್ತಿಯೂ ಮನೆಯ ಕೆಳಗಿನ ಕೋಣೆಯಲ್ಲಿ ಅಡುಗೆ ಮಾಡಿ ಸುತ್ತಲಿನ ಕಚೇರಿಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತೇವೆ. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಎನ್ನುತ್ತೇನೆ. ಬೇರೆ ಯಾವ ವಿಷಯದಲ್ಲೂ ಅವಳು ದೊಡ್ಡವಳೆಂದು ನಾನು ಒಪ್ಪಿಲ್ಲ. ಡಬ್ಬಿ ತುಂಬುವುದು ನಮ್ಮವರ ಕೆಲಸ, ಗಾಡಿ ಓಡಿಸುವುದು ಭಾವನ ಕೆಲಸ. ಹೆಚ್ಚುವುದು, ಬೇಯಿಸುವುದು, ಬೈಯುವುದು ನಮ್ಮಿಬ್ಬರದು. ಮಾವನಿಗೆ ಅಂತ ಏನೂ ಉಳಿದಿರಲಿಲ್ಲ. ಜೀವಮಾನವಿಡೀ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ಉಜ್ಜಿದ ಮನುಷ್ಯ, ಈಗ ಈರುಳ್ಳಿ ಬುಟ್ಟಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, "ಕ್ಯಾರೆಟ್ ಎಲ್ಲಾ ಒಂದೇ ಸೈಜಿಗೆ ಬರ್ತಿಲ್ವಲ್ಲಮ್ಮ" ಎನ್ನುತ್ತಿದ್ದರು. ಯಾರೂ ಉತ್ತರ ಕೊಡದಿದ್ದರೆ ಎದ್ದು ಹೋಗಿ ಗೇಟಿನ ಹತ್ತಿರ ನಿಂತು ಸುಮ್ಮನೆ ರಸ್ತೆ ನೋಡುತ್ತಿದ್ದರು. ಅವರು ಹಾಗೆ ನಿಂತಿದ್ದನ್ನು ಕಂಡರೆ ನನಗೆ ಸಿಟ್ಟಿನ ಜೊತೆ ಸಂಕಟವೂ ಆಗುತ್ತಿತ್ತು.

ಅವರನ್ನು ಗೇಟಿನಿಂದ ಒಳಗೆ ಕರೆತಂದದ್ದು ನಮ್ಮ ಚಾಕುಗಳು.

ಅಡುಗೆಯ ವ್ಯಾಪಾರ ಶುರುವಾದಾಗ ಸೊಸೆಯಂದಿರ ನಡುವೆ ಜಗಳ ಬರಬಾರದೆಂದು ಮಾವನೇ ತಂದುಕೊಟ್ಟವು ಅವು. ಮಡಚುವ ಚಾಕುಗಳಲ್ಲ. ಉದ್ದನೆಯ ಗಟ್ಟಿ ಅಲಗು, ಅಲಗಿನ ಬಾಲವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ಎರಡು ಹೋಳಿನ ಹಿಡಿ, ಹಿಡಿಗೆ ಎರಡು ಸ್ಕ್ರೂ. ಅಲಗುಗಳೆರಡೂ ತದ್ರೂಪ. ಅಕ್ಕನ ಚಾಕುವಿಗೆ ಕೆಂಪು ಹಿಡಿ, ನನ್ನದಕ್ಕೆ ನೀಲಿ. ಒಂದು ದಿನ ಮಾವ ನನ್ನ ಚಾಕುವನ್ನು ಮೂಗಿನ ಹತ್ತಿರ ತಂದು ಮುಖ ಕಿವಿಚಿದರು. ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿ ಬಿಚ್ಚಿಯೇಬಿಟ್ಟರು. ಒಳಗೆ ತುಕ್ಕು, ತುಕ್ಕಿನ ಮೇಲೆ ಕಪ್ಪಗಿನ ಲೋಳೆ, ಲೋಳೆಯಲ್ಲಿ ಯಾವ ಕಾಲದ್ದೋ ಈರುಳ್ಳಿ ಸಿಪ್ಪೆ.

"ಇದನ್ನಿಟ್ಕೊಂಡು ಜನಕ್ಕೆ ಊಟ ಹಾಕ್ತಿದ್ದೀರಾ?" ಎಂದರು.

"ನಂದು ಹಾಗಿರಲ್ಲ ಮಾವ, ನಾನು ದಿನಾ ತೊಳೀತೀನಿ," ಎಂದಳು ಅಕ್ಕ, ನನ್ನ ಕಡೆ ನೋಡಿಕೊಂಡು.

ಮಾವ ಅವಳದನ್ನೂ ಬಿಚ್ಚಿದರು. ಅದು ನನ್ನದಕ್ಕಿಂತ ಗಬ್ಬು. ಆ ದಿನ ನನಗಾದ ಸಂತೋಷವನ್ನು ಹೇಳಿಕೊಳ್ಳುವುದು ಮರ್ಯಾದೆಯಲ್ಲ.

ಅಲ್ಲಿಂದ ಮುಂದೆ, ವಾರದ ರಜೆ ಬಂತೆಂದರೆ ಮಾವ ಹಿಂಬಾಗಿಲ ಬಳಿ ಹಳೇ ಪೇಪರ್ ಹಾಸಿಕೊಂಡು ಕೂರತೊಡಗಿದರು. ಹಿಡಿ ಬಿಚ್ಚಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸಂದುಗೊಂದಿ ತಿಕ್ಕಿ, ಒರೆಸಿ, ಬಿಸಿಲಿಗಿಟ್ಟು, ಸಾಣೆ ಕಲ್ಲಿನ ಮೇಲೆ ಅಲಗು ಎಳೆದು, ಬಾಲಕ್ಕೆ ಒಂದು ಹನಿ ಎಣ್ಣೆ ಸವರಿ ಮತ್ತೆ ಹಿಡಿ ಕೂರಿಸುತ್ತಿದ್ದರು. ಕೇಳುವವರಿರಲಿ ಬಿಡಲಿ, ಪಾಠ ನಡೆದೇ ಇರುತ್ತಿತ್ತು. "ಮೆಷಿನ್ ಎಣ್ಣೆ ಹಾಕ್ಬಾರ್ದು, ಊಟದ ಚಾಕು ಇದು. ಸ್ಕ್ರೂ ಬಿಗಿಯಾದ್ರೆ ಸಾಕು, ಅದರ ಜೊತೆ ಜಗಳಕ್ಕೆ ಹೋಗ್ಬಾರ್ದು." ಮುಚ್ಚಳ ಎತ್ತುವುದು ನಿಂತಿತು. ಊಟ ಸೇರತೊಡಗಿತು. ಪಕ್ಕದ ಮನೆಯವರ ಚಾಕುಗಳನ್ನೂ ಕೇಳಿ ತಂದರು. ಗೇಟಿನ ಕಡೆ ಅವರು ತಲೆ ಹಾಕಿದ್ದನ್ನು ಆಮೇಲೆ ಬಹಳ ದಿನ ನಾನು ನೋಡಲಿಲ್ಲ.

ಹೀಗೆ ಎಲ್ಲವೂ ಚೆನ್ನಾಗಿರುವಾಗ, ಒಂದು ರಜೆಯ ಮರುದಿನ ಬೆಳಗ್ಗೆ ನೀಲಿ ಹಿಡಿಯ ಚಾಕು ತೆಗೆದುಕೊಂಡು ಎಲೆಕೋಸಿಗೆ ಇಟ್ಟೆ. ಇಟ್ಟ ಕೂಡಲೇ ಕೈಗೆ ಗೊತ್ತಾಯಿತು, ಇದು ನನ್ನದಲ್ಲ. ಅಕ್ಕ ಚಾಕುವನ್ನು ಮೇಲಿನಿಂದ ಒತ್ತಿ ಹೆಚ್ಚುವವಳು, ನಾನು ನನ್ನ ಕಡೆಗೆ ಎಳೆದು ಹೆಚ್ಚುವವಳು. ವರ್ಷಗಟ್ಟಲೆ ಹಾಗೆ ಸವೆದ ಅಲಗುಗಳು ಕಣ್ಣಿಗೆ ಒಂದೇ ಥರ ಕಂಡರೂ ಕೈಗೆ ಬೇರೆ ಬೇರೆ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡಂತಾಯಿತು. ಜೋಡಿಸುವಾಗ ಮಾವ ನನ್ನ ಅಲಗಿಗೆ ಅಕ್ಕನ ಕೆಂಪು ಹಿಡಿ ಹಾಕಿದ್ದರು, ಅಕ್ಕನದಕ್ಕೆ ನನ್ನ ನೀಲಿ.

ಬಾಯಿ ಬಿಡಬೇಕೆಂದುಕೊಂಡೆ. ಮಾವ ಪಕ್ಕದಲ್ಲೇ ಕೂತು, "ಹೇಗಮ್ಮ, ಬೆಣ್ಣೆ ಕುಯ್ದಂಗೆ ಹೋಗ್ತಿದೆಯಲ್ಲ?" ಎಂದು ಕೇಳಿದರು. ಆ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ತಪ್ಪಾಗಿದೆ ಎಂದರೆ ಈ ಮನುಷ್ಯ ಮತ್ತೆ ಗೇಟಿಗೆ ಹೋಗಿ ನಿಲ್ಲುತ್ತಾರೆ. "ಹೌದು ಮಾವ, ಬೆಣ್ಣೆನೇ," ಎಂದೆ. ಅಕ್ಕನ ಕಡೆ ನೋಡಿದರೆ ಅವಳು ನನ್ನ ಅಲಗಿನಲ್ಲಿ ಟೊಮೇಟೊ ಹೆಚ್ಚುತ್ತಾ ಹಾಡು ಗುನುಗುತ್ತಿದ್ದಳು. ಏನೂ ಗೊತ್ತಾಗಿರಲಿಲ್ಲ ಪುಣ್ಯಾತ್ಗಿತ್ತಿಗೆ. ಇವಳ ಕೈಗೆ ಗರಗಸ ಕೊಟ್ಟರೂ ಗೊತ್ತಾಗುವುದಿಲ್ಲ ಎಂದು ಒಳಗೊಳಗೇ ನಕ್ಕೆ.

ಮಧ್ಯಾಹ್ನ ಅಕ್ಕ ಸ್ನಾನಕ್ಕೆ ಹೋದಳು, ಮಾವ ಮಲಗಿದರು. ಸ್ಕ್ರೂಡ್ರೈವರ್ ಅವರ ಜೇಬಿನಲ್ಲೇ ಮಲಗಿತ್ತು. ಚಮಚದ ತುದಿಯಿಂದಲೇ ತಿಣುಕಾಡಿ ನಾಲ್ಕೂ ಸ್ಕ್ರೂ ಬಿಚ್ಚಿ, ಹಿಡಿಗಳನ್ನು ಅದಲುಬದಲು ಮಾಡಿ, ಕಳ್ಳ ಬೆಕ್ಕಿನಂತೆ ಹೊರಬಂದೆ.

ಮರುದಿನ ಬೆಳಗ್ಗೆ ನೀಲಿ ಹಿಡಿ ಹಿಡಿದರೆ, ಮತ್ತೆ ಅಕ್ಕನ ಅಲಗು! ಮಾವ ಸಂಜೆ ಮತ್ತೊಮ್ಮೆ ಬಿಚ್ಚಿರಬೇಕು ಎಂದುಕೊಂಡು ಮಧ್ಯಾಹ್ನ ಮತ್ತೆ ಬದಲಾಯಿಸಿದೆ. ಅದರ ಮರುದಿನವೂ ಅದೇ ಕಥೆ. ನನಗೆ ತಲೆ ಚಿಟ್ಟು ಹಿಡಿಯಿತು. ನಮ್ಮವರಿಗೆ ಹೇಳಿಕೊಂಡರೆ, "ಎರಡೂ ಹೆಚ್ಚುತ್ತೆ ತಾನೆ?" ಎಂದರು. ಇವರ ಹತ್ತಿರ ಚಾಕುವಿನ ವಿಷಯ ಮಾತಾಡುವುದಕ್ಕಿಂತ ಚಾಕುವಿನ ಹತ್ತಿರ ಇವರ ವಿಷಯ ಮಾತಾಡುವುದು ಮೇಲು.

ಆ ವಾರದ ಕೊನೆಯಲ್ಲಿ ದೊಡ್ಡದೊಂದು ಕಚೇರಿಯ ಊಟವಿತ್ತು. ಭಾವ ಗಾಡಿಯ ಕೀಲಿ ತಿರುಗಿಸುತ್ತಾ ಬಾಗಿಲಲ್ಲೇ ನಿಂತಿದ್ದರು. ನಾನು ಒಂದು ಕುಂಬಳಕಾಯಿಗೆ ಚಾಕು ಹಾಕಿ ಮೈಭಾರ ಬಿಟ್ಟೆ. ಟಪ್ ಎಂದಿತು. ಅಲಗು ಕುಂಬಳಕಾಯಿಯಲ್ಲೇ ನಿಂತಿತು, ಹಿಡಿಯ ಒಂದು ಹೋಳು ನೀರಿನ ಬಕೆಟ್ಟಿಗೆ ಬಿತ್ತು, ಇನ್ನೊಂದು ನನ್ನ ಮುಷ್ಟಿಯಲ್ಲಿ ಉಳಿಯಿತು, ಒಂದು ಸ್ಕ್ರೂ ಉರುಳಿಕೊಂಡು ಒಲೆಯ ಕೆಳಗೆ ಹೋಯಿತು. ದೇವರ ದಯೆ, ಬೆರಳಿಗೇನೂ ಆಗಲಿಲ್ಲ.

ಭಾವ ಹೆದರಿದರೆ ಕಿರುಚುವ ಜಾತಿ. "ಕೈ ಹೋಗ್ತಿತ್ತಲ್ಲ! ಅಪ್ಪಾ, ಸಾಕು ಮಾಡಿ. ನಿಮ್ಮ ಕೈ ಮೊದಲಿನಂಗಿಲ್ಲ. ವಯಸ್ಸಾಯ್ತು. ಇನ್ಮೇಲೆ ಚಾಕು ಮುಟ್ಬೇಡಿ."

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. "ಬಿಗಿ ಮಾಡಿದ್ದೆ ಅಂತ ನೆನಪಪ್ಪ," ಎಂದರು. "ನೆನಪನ್ನೂ ನಂಬೋ ಹಾಗಿಲ್ಲ ಅನ್ಸುತ್ತೆ," ಎಂದು ಜೇಬಿನ ಸ್ಕ್ರೂಡ್ರೈವರ್ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಹೊರಗೆ ನಡೆದರು. ಗೇಟಿನ ಕಡೆಗೇ.

ಹೇಗೋ ಅಡುಗೆ ಮುಗಿಸಿ ಗಾಡಿ ಕಳಿಸಿ, ಒಲೆಯ ಕೆಳಗೆ ಕೈ ಹಾಕಿ ಸ್ಕ್ರೂ ಹುಡುಕಿ ತೆಗೆದು ಗೇಟಿಗೆ ಓಡಿದೆ. ಹಿಂದಿನಿಂದ ಚಪ್ಪಲಿಯ ಸದ್ದು. ಅಕ್ಕನೂ ಬರುತ್ತಿದ್ದಳು, ಕಣ್ಣು ಕೆಂಪಗಾಗಿತ್ತು.

"ಮಾವ, ಅದು ನಾನು," ಎಂದೆ.

"ಮಾವ, ಅದು ನಾನು," ಎಂದಳು ಅಕ್ಕ, ಅದೇ ಉಸಿರಿಗೆ.

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.

"ನೀನ್ಯಾಕೆ ಮುಟ್ದೆ?" ಎಂದಳು ಅಕ್ಕ.

"ನನ್ನ ಅಲಗು ನಿಮ್ಮ ಹಿಡೀಲಿತ್ತಲ್ಲ! ಮಧ್ಯಾಹ್ನ ಮಧ್ಯಾಹ್ನ ನಾನು ಸರಿ ಮಾಡಿ ಇಡ್ತಿದ್ದೆ."

"ಸಂಜೆ ಸಂಜೆ ನಾನು ಸರಿ ಮಾಡ್ತಿದ್ದೆ!"

"ಅಯ್ಯೋ, ನಾನು ಸರಿ ಮಾಡಿದ್ದನ್ನ ನೀವು ಕೆಡಿಸ್ತಿದ್ರಿ! ಗೊತ್ತಾಗಿದ್ರೆ ಹೇಳ್ಬಾರ್ದಿತ್ತಾ?"

"ಮಾವಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನಿಂಗೆ ಗೊತ್ತಾಗಿದೆ ಅಂತ ನಾನು ಹೇಗೆ ಅಂದ್ಕೊಳ್ಳಲಿ? ನಿನ್ನ ಕೈಗೆ ಕೊಡಲಿ ಕೊಟ್ರೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ!"

ಇದಕ್ಕೆ ತಕ್ಕ ಉತ್ತರ ನನ್ನ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಮಾವ ಕೈ ಚಾಚಿ ಸ್ಕ್ರೂ ಕೇಳಿದರು. ಬೆಳಕಿಗೆ ಹಿಡಿದು ನೋಡಿದರು. ಅದರ ತಲೆಯ ಗೀರು ಇಲಿ ಕಡಿದಂತೆ ಕಿತ್ತುಹೋಗಿತ್ತು.

"ಏನು ಹಾಕಿ ತಿರುವಿದ್ರಿ ಇದನ್ನ?"

"ಚಮಚ," ಎಂದೆ.

"ಕತ್ತರಿ," ಎಂದಳು ಅಕ್ಕ.

"ಚಮಚ! ಕತ್ತರಿ!" ಮಾವನ ದನಿ ರಸ್ತೆಯ ಆಚೆಗೂ ಕೇಳಿಸಿತು. "ಮನುಷ್ಯರಾ ನೀವು? ದಿನಕ್ಕೆ ಎರಡು ಸಲ ಚಮಚ, ಕತ್ತರಿ ಹಾಕಿ ತಿರುವಿದ್ರೆ ಯಾವ ಸ್ಕ್ರೂ ನಿಲ್ಲುತ್ತೆ?" ಅವರ ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ನನಗೆ ಅದೇ ಮೊದಲು. ಅಕ್ಕನಿಗೂ ಹಾಗೇ ಆಗಿರಬೇಕು, ಮೂಗು ಒರೆಸಿಕೊಂಡು ನಗುತ್ತಿದ್ದಳು.

ಬೈದು ಮುಗಿಸಿ ಮಾವ ಸ್ವಲ್ಪ ಯೋಚನೆಗೆ ಬಿದ್ದರು. "ಅದಿರ್ಲಿ. ನೀವು ಕೈ ಹಾಕೋ ಮುಂಚೇನೇ ತಪ್ಪಾಗಿತ್ತಲ್ಲ. ಮೊದಲನೇ ಸಲ ಅದಲುಬದಲು ಮಾಡಿದ್ಯಾರು?"

ಯಾರೆಂದು ಹೇಳುವುದು? ನಾನೂ ಅಕ್ಕನೂ ಮಾತಾಡಿಕೊಂಡವರಲ್ಲ, ಸನ್ನೆ ಮಾಡಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಯಾವುದಕ್ಕೂ ಒಮ್ಮತವಿಲ್ಲದ ನಮಗೆ ಆ ಹೊತ್ತಿನಲ್ಲೇ ಒಮ್ಮತ ಬರಬೇಕೆ?

"ನಾನೇ ಮಾವ," ಎಂದೆವು ಇಬ್ಬರೂ.

ಮಾವ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. "ಇಬ್ರೂ ಅದಲುಬದಲು ಮಾಡಿದ್ರೆ ಸರಿಯಾಗೇ ಇರ್ಬೇಕಿತ್ತಲ್ಲಮ್ಮ," ಎಂದರು.

ಒಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ ಸುಳ್ಳು ದಕ್ಕುತ್ತಿತ್ತು. ಜೀವನವಿಡೀ ಅಳತೆಯಲ್ಲೇ ಬದುಕಿದವರ ಮುಂದೆ ಲೆಕ್ಕ ತಪ್ಪಿದ ಸುಳ್ಳು ಹೇಳಿ ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಮಾವ ಗೇಟನ್ನು ಬಿಟ್ಟು ಒಳಗೆ ನಡೆದರು. ನಾವು ಹಿಂದೆ ಹೋದೆವು, ಇನ್ನೇನು ಕಾದಿದೆಯೋ ಎಂದು.

ಉಪ್ಪಿನ ಡಬ್ಬಿಯ ಪಕ್ಕದಿಂದ ಸ್ಕ್ರೂಡ್ರೈವರ್ ತೆಗೆದು ಅವರು ಕನ್ನಡಕ ಹಾಕಿಕೊಂಡರು. ಉಳಿದ ಸ್ಕ್ರೂಗಳನ್ನು ಬಿಚ್ಚಿ ಅಲಗುಗಳನ್ನು ನಮ್ಮ ಮುಂದಿಟ್ಟು, "ನಿಮ್ಮ ನಿಮ್ಮದು ಎತ್ಕೊಳ್ಳಿ," ಎಂದರು. ಒಂದೊಂದು ಕ್ಯಾರೆಟ್ ಹೆಚ್ಚಿ ನೋಡಿ ಎತ್ತಿಕೊಂಡೆವು. ಮಾವ ತಮ್ಮ ಹಳೇ ಸಲಕರಣೆ ಪೆಟ್ಟಿಗೆಯಿಂದ ಚಿಕ್ಕ ಅರ ತೆಗೆದು ಅಕ್ಕನ ಅಲಗಿನ ಬಾಲಕ್ಕೆ ಒಂದು ಗೀರು ಹಾಕಿದರು. ನನ್ನದಕ್ಕೆ ಎರಡು ಹಾಕುವಷ್ಟರಲ್ಲಿ ಊಟ ತಲುಪಿಸಿ ಬಂದ ಭಾವ ಬಾಗಿಲಲ್ಲಿ ಕಾಣಿಸಿಕೊಂಡರು.

"ಅಪ್ಪಾ! ಬೆಳಗ್ಗೆ ತಾನೆ ಹೇಳಿದ್ನಲ್ಲ—"

"ತಪ್ಪು ನಂದೇ ಕಣೋ," ಮಾವ ತಲೆಯೆತ್ತದೆ ಹೇಳಿದರು. "ಗುರುತು ಹಾಕ್ದೆ ಬಿಚ್ಬಿಟ್ಟೆ. ಆದ್ರೆ ಅದು ಹೊಸಬರು ಮಾಡೋ ತಪ್ಪು, ಮುದುಕರು ಮಾಡೋದಲ್ಲ. ಬೆಳಕಿಗೆ ಅಡ್ಡ ನಿಂತಿದ್ದೀಯ, ಸರಿ ಆ ಕಡೆ."

ಭಾವ ಸರಿದು ನಿಂತರು.